ಕೊಡುವ ಸೀರೆ, ಉಡುವ ಸೀರೆ

ಊರವರಿಗೆಲ್ಲ ಬುದ್ಧಿ ಹೇಳುವ ಚಟ ಒಮ್ಮೆ ಅಂಟಿಕೊಂಡಿತೆಂದರೆ ಮುಗಿಯಿತು. ಸಿಗರೇಟು ಬಿಟ್ಟವರನ್ನು ನೋಡಿದ್ದೇನೆ, ಗುಟ್ಕಾ ಬಿಟ್ಟವರನ್ನೂ ನೋಡಿದ್ದೇನೆ; ಬುದ್ಧಿ ಹೇಳುವುದನ್ನು ಬಿಟ್ಟವರನ್ನು ಮಾತ್ರ ಇನ್ನೂ ನೋಡಿಲ್ಲ. ನನಗೆ ಈ ಚಟ ಹತ್ತಿದ್ದು ಮದುವೆಯಾಗಿ ದಾವಣಗೆರೆಗೆ ಬಂದ ಮೇಲೆ, ಮಧ್ಯಾಹ್ನದ ಹೊತ್ತು ಕಳೆಯಲೆಂದು ಬ್ಲಾಗು ಬರೆಯಲು ಕುಳಿತಾಗ. ಅದರ ಹೆಸರು 'ಒಂದೇ ಚೀಲ'. ನಾಲ್ಕೇ ಬಟ್ಟೆಯಲ್ಲಿ ನಲವತ್ತು ಥರ ಕಾಣಿಸಿಕೊಳ್ಳುವುದು ಹೇಗೆ, ಬಟ್ಟೆ ಅಂಗಡಿಯ ಮುಂದೆ ನಡೆದುಹೋಗುವಾಗ ಕಣ್ಣನ್ನು ಎತ್ತ ತಿರುಗಿಸಬೇಕು, ಹೆಗಲಿಗೊಂದು ಚೀಲ ಏರಿಸಿ ಅಗ್ಗದಲ್ಲಿ ಊರೂರು ತಿರುಗುವುದು ಹೇಗೆ, ಇವೇ ನನ್ನ ಉಪದೇಶಗಳು. ಓದುಗರು ಬಹಳಿಲ್ಲ. ಏನು ಬರೆದರೂ 'ಸೂಪರ್ ಮೇಡಂ' ಎನ್ನುವವರೊಬ್ಬರಿದ್ದಾರೆ. ಮಾವನವರು ತೀರಿಕೊಂಡ ವಾರ 'ಈ ವಾರ ಬರೆಯಲಾಗುತ್ತಿಲ್ಲ, ಮನೆಯಲ್ಲಿ ಸಾವಾಗಿದೆ' ಎಂದು ಹಾಕಿದ್ದಕ್ಕೂ ಅವರು 'ಸೂಪರ್ ಮೇಡಂ' ಎಂದಿದ್ದರು. ಇಂಥವರ ಬೆಂಬಲ ನೆಚ್ಚಿಕೊಂಡು ಈ ಯುಗಾದಿಗೆ ನಾನೊಂದು ಪ್ರತಿಜ್ಞೆ ಮಾಡಿಬಿಟ್ಟೆ: ಬರುವ ಯುಗಾದಿಯವರೆಗೆ ಒಂದು ಕರ್ಚೀಫನ್ನೂ ಕೊಳ್ಳುವುದಿಲ್ಲ. ಜೊತೆಗೆ, ಮನೆಯ ಕಪಾಟಿನಲ್ಲಿ ಸುಮ್ಮನೆ ಕೂತಿರುವುದನ್ನೆಲ್ಲ ಹೊರಗೆ ಸಾಗಿಸುತ್ತೇನೆ. ನನ್ನ ಗಂಡನಿಗೂ ಇದನ್ನು ದಿನಾ ಓದಿ ಹೇಳಿದೆ. ಈಗ ಅನುಭವಿಸುತ್ತಿರುವುದೆಲ್ಲ ಆ ಓದಿನ ಫಲ.

ಮುಂದೆ ಹೋಗುವ ಮೊದಲು ನಮ್ಮ ಕಡೆಯ ಸೀರೆಗಳ ವಿಷಯ ಸ್ವಲ್ಪ ಹೇಳಬೇಕು. ನನ್ನ ತವರು ಕೊಟ್ಟೂರು. ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಸುತ್ತ ಎಲ್ಲಿ ಕಲ್ಲೆಸೆದರೂ ನಮ್ಮ ಬಳಗದವರ ಮನೆಯ ಹಂಚಿಗೇ ಬೀಳುತ್ತದೆ. ಈ ಬಳಗದಲ್ಲಿ ಸೀರೆ ಎರಡು ಥರ. ಒಂದು ಉಡೋ ಸೀರೆ, ಇನ್ನೊಂದು ಕೊಡೋ ಸೀರೆ. ಮದುವೆ, ಗೃಹಪ್ರವೇಶ, ತೊಟ್ಟಿಲು ಏನೇ ಇರಲಿ, ಹೋದವರು ಆಯೇರಿ ಎಂದು ಒಂದು ಸೀರೆ ಕೊಡುತ್ತಾರೆ. ತಗೊಂಡವರು ಅದರ ಕವರನ್ನು ಸಹ ತೆಗೆಯದೆ ಟ್ರಂಕಿನಲ್ಲಿಟ್ಟು, ಮುಂದಿನ ಮನೆಯ ಕಾರ್ಯಕ್ಕೆ ಅದನ್ನೇ ಆಯೇರಿ ಮಾಡುತ್ತಾರೆ. ಮಡಿಕೆ ಬಿಚ್ಚಿದರೆ ಅದು ಉಡೋ ಸೀರೆಯಾಗಿಬಿಡುತ್ತದೆ, ಆಮೇಲೆ ಕೊಡಲು ಬರುವುದಿಲ್ಲ. ಹಾಗಾಗಿ ಯಾರೂ ಬಿಚ್ಚುವುದಿಲ್ಲ. ನಾನು ಹುಟ್ಟುವ ಮೊದಲೇ ಹೊರಟ ನೇರಳೆ ಬಣ್ಣದ ಸೀರೆಯೊಂದು ಇನ್ನೂ ಯಾರ ಮೈಯನ್ನೂ ಕಾಣದೆ ಈ ಐದು ತಾಲೂಕುಗಳಲ್ಲಿ ತಿರುಗುತ್ತಿದೆ ಎಂದು ನನಗೆ ಬಲವಾದ ಅನುಮಾನವಿದೆ. ಒಂದು ರೂಪಾಯಿ ಖರ್ಚಿಲ್ಲದೆ ಊರೂರು ಸುತ್ತುವುದರಲ್ಲಿ ಅದು ನನಗಿಂತ ಎಷ್ಟೋ ಮುಂದಿದೆ.

ನಮ್ಮ ಅವ್ವನ ಟ್ರಂಕಿನಲ್ಲೂ ಇಂಥವೇ ತುಂಬಿವೆ. ಆದರೆ ಅವಳ ಹತ್ತಿರ ಒಂದು ಇಳಕಲ್ ಸೀರೆಯಿತ್ತು. ಗಿಳಿ ಹಸಿರು ಮೈ, ಕೆಂಪು ಸೆರಗು. ರೊಟ್ಟಿ ಬಡಿದು ಮಾರಿ ಕೂಡಿಸಿಕೊಂಡ ಸ್ವಂತ ದುಡ್ಡಿನಲ್ಲಿ, ಕೊಟ್ಟೂರಿನ ಶಿವಣ್ಣನ ಅಂಗಡಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತು ಅವಳೇ ಆರಿಸಿದ ಸೀರೆ. ಅಂದು ಶಿವಣ್ಣ ಊಟಕ್ಕೂ ಏಳದೆ ಗಂಟಿನ ಮೇಲೆ ಗಂಟು ಬಿಚ್ಚಿ ತೋರಿಸಿದ್ದನಂತೆ. ಮನೆಗೆ ತಂದು ಸೆರಗಿಗೆ ತಾನೇ ಗೊಂಡೆ ಕಟ್ಟಿದಳು. ಹಬ್ಬಕ್ಕೊಮ್ಮೆ, ಎಂದಾದರೊಮ್ಮೆ ಉಟ್ಟು, ಹುಷಾರಾಗಿ ಮಡಿಚಿಡುತ್ತಿದ್ದಳು. ಅದೇಕೆ ಅಷ್ಟು ಜೋಪಾನ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ಉಳಿದವೆಲ್ಲ ಮಂದಿ ನನಗ ಉಡಿಸಿದ್ದವ್ವಾ. ಇದೊಂದ ನಾನು ಉಟ್ಟಿದ್ದು" ಅಂದಿದ್ದಳು. ಸ್ಟೈಲ್ ಎಂದರೇನು ಎಂದು ನಾನು ಬ್ಲಾಗಿನಲ್ಲಿ ಪುಟಗಟ್ಟಲೆ ಬರೆದಿದ್ದೇನೆ. ಅಷ್ಟರಲ್ಲೂ ಈ ಮಾತಿನ ತೂಕದ್ದು ಒಂದು ಸಾಲಿಲ್ಲ.

ಅಂಥ ಸೀರೆಯನ್ನು ಅವ್ವ ನನಗೆ ಎರವಲು ಕೊಟ್ಟಳು. 'ಅವ್ವನ ಸೀರೆ, ಮಗಳ ಸ್ಟೈಲು' ಎಂಬ ಬರಹಕ್ಕೆ ಫೋಟೋ ಬೇಕಿತ್ತು. ಸೀರೆಯ ಮೇಲೆ ಗಂಡನ ಬಿಳಿ ಅಂಗಿ, ಕಾಲಿಗೆ ಕ್ಯಾನ್ವಾಸ್ ಬೂಟು, ಕಣ್ಣಿಗೆ ಕಪ್ಪು ಕನ್ನಡಕ. ಆ ಫೋಟೋ ನೋಡಿ ಅವ್ವ, "ಯಾರ ಮನಿಗೆ ಬೆಂಕಿ ಬಿತ್ತು, ಹಿಂಗ ಸಿಕ್ಕಿದ್ದು ಹಾಕ್ಕೊಂಡು ಓಡಿ ಬಂದೀಯಲ್ಲ?" ಎಂದಳು. ಸೂಪರ್ ಮೇಡಂ ಎನ್ನುವವರು ಸೂಪರ್ ಮೇಡಂ ಎಂದರು. ನಾನು ಸೀರೆಯನ್ನು ಡ್ರೈವಾಶ್ ಮಾಡಿಸಿ, ಪಾಲಿಶ್ ಹಾಕಿಸಿದೆ. ಅದು ಥಳಥಳಿಸುವ ಹೊಸ ಕವರಿನಲ್ಲಿ, ಇವತ್ತೇ ಮಗ್ಗದಿಂದ ಇಳಿದಂತೆ ಮನೆಗೆ ಬಂತು. ಅವ್ವನಿಗೆ ಮುಟ್ಟಿಸಿದರಾಯಿತು ಎಂದು ಕಪಾಟಿನಲ್ಲಿ ಎದುರಿಗೇ ಇಟ್ಟೆ. ಅದೇ ವಾರ ಹರಪನಹಳ್ಳಿಯಲ್ಲಿ ನನ್ನ ಗಂಡನ ಸೋದರತ್ತೆ ನಾಗಮ್ಮತ್ತೆಯ ಹೊಸ ಮನೆಯ ಗೃಹಪ್ರವೇಶವಿತ್ತು. ನನಗೆ ಜ್ವರ, ಗಂಡ ಒಬ್ಬರೇ ಹೋಗಿ ಬಂದರು.

ತಿಂಗಳು ಕಳೆದ ಮೇಲೆ ಅವ್ವನ ಫೋನು. "ಶುಕ್ರವಾರ ಸುಮಾನ ಕುಬುಸ ಇಟ್ಕೊಂಡೀವಿ. ಬರುವಾಗ ನನ್ನ ಹಸಿರು ಸೀರಿ ಮರೀಬ್ಯಾಡ. ಸಣ್ಣ ಮಗಳಿಗೆ ಚೊಚ್ಚಲ ಬಸುರು, ಅವತ್ತು ನಾನು ಅದನ್ನ ಉಡಾಕಿ" ಎಂದಳು. ಸುಮಾ ನನ್ನ ತಂಗಿ, ಕೂಡ್ಲಿಗಿಗೆ ಕೊಟ್ಟಿದ್ದೇವೆ; ಕುಬುಸವೆಂದರೆ ನಮ್ಮ ಕಡೆಯ ಸೀಮಂತ. ಆಗಲಿ ಎಂದು ಫೋನಿಟ್ಟು ಕಪಾಟು ತೆರೆದರೆ ಸೀರೆಯಿಲ್ಲ. ಮನೆಯನ್ನೆಲ್ಲ ಜಾಲಾಡಿದೆ. ಸಂಜೆ ಗಂಡನನ್ನು ಕೇಳಿದರೆ ಅವರು ಬೂಟು ಬಿಚ್ಚುತ್ತ, ತಲೆಯನ್ನೂ ಎತ್ತದೆ, "ಹರಪನಹಳ್ಳಿಗೆ ಒಯ್ದಿದ್ದೆನಲ್ಲ? ಕವರಿನಾಗಿತ್ತು, ಕೊಡೋ ಸೀರೆ ಅಂತ ಆಯೇರಿ ಮಾಡಿದೆ. ಕಪಾಟಿನಾಗೆ ಕೂತಿದ್ದನ್ನೆಲ್ಲ ಸಾಗಿಸು ಅಂತ ದಿನಾ ಓದಿ ಹೇಳ್ತಿದ್ದೆಲ್ಲ ನೀನು?" ಎಂದರು. ಇಷ್ಟು ವರ್ಷದಲ್ಲಿ ಅವರು ನನ್ನ ಒಂದು ಮಾತು ಕೇಳಿದ್ದು ಇದೇ ಮೊದಲು. ಬೈಯಲು ಬಾಯಿ ತೆರೆದೆ, ಅಳು ಬಂತು. ಸೀರೆ ಹೋದದ್ದಕ್ಕಿಂತ, ಅವ್ವ ತನ್ನ ಕೈಯಿಂದ ಆರಿಸಿಕೊಂಡ ಒಂದೇ ಒಂದು ವಸ್ತುವನ್ನು ಕಳೆದವಳು ನಾನು ಎನ್ನುವುದಕ್ಕೆ.

ಮರುದಿನ ಬೆಳಿಗ್ಗೆಯೇ ಹೊರಟೆ. ಹೆಗಲಿಗೆ ಒಂದೇ ಚೀಲ; ಅದರಲ್ಲಿ ಎರಡು ಕುರ್ತಾ, ಒಂದು ದುಪ್ಪಟ್ಟಾ, ಆಧಾರ್ ಕಾರ್ಡು. ಈಗ ಸರ್ಕಾರಿ ಬಸ್ಸು ಹೆಂಗಸರಿಗೆ ಪುಕ್ಕಟೆಯಾದ್ದರಿಂದ ಆಧಾರ್ ಕಾರ್ಡೇ ಪರ್ಸು. ಅಗ್ಗದ ಪ್ರವಾಸದ ಬಗ್ಗೆ ನಾನು ಬರೆದ ಮೊದಲ ಸೂತ್ರವೇ 'ಲಾಡ್ಜಿಗೆ ಹೋಗಬೇಡಿ, ಬಳಗದವರ ಮನೆಗೆ ಹೋಗಿ' ಎಂಬುದು. ಬರೆದಾಗ ನಾನು ಬಳಗದವರ ಮನೆಗೆ ಹೋಗದೆ ಬಹಳ ವರ್ಷವಾಗಿತ್ತು ಎಂದು ಕಾಣುತ್ತದೆ. ಲಾಡ್ಜಿನಲ್ಲಿ ಯಾರೂ ನಿಮ್ಮನ್ನು ಕೂರಿಸಿಕೊಂಡು ಇನ್ನೂ ಯಾಕೆ ಇಷ್ಟು ಸಣ್ಣಗಿದ್ದೀಯ, ಅತ್ತೆ ಹಾಕುತ್ತಾಳೋ ಇಲ್ಲವೋ ಎಂದು ಕೇಳುವುದಿಲ್ಲ.

ಹರಪನಹಳ್ಳಿಯಲ್ಲಿ ನಾಗಮ್ಮತ್ತೆ ಬಾಗಿಲಲ್ಲೇ ಕೈ ಹಿಡಿದು ಒಳಗೆ ಎಳೆದುಕೊಂಡರು. ಬಂದ ಕೂಡಲೇ ಸೀರೆ ಕೇಳುವ ಹಾಗಿಲ್ಲ. ಕೊಟ್ಟದ್ದನ್ನು ವಾಪಸು ಕೇಳಲು ಬಂದಳು ಎಂದಾಗುತ್ತದೆ. ಮಂಡಕ್ಕಿ ಒಗ್ಗರಣೆ ತಿಂದೆ, ಮಿರ್ಚಿ ತಿಂದೆ, ಹೊಸ ಮನೆಯ ಅಡುಗೆಮನೆ, ದೇವರಮನೆ, ನೀರಿನ ಟ್ಯಾಂಕು ನೋಡಿದೆ, ಟೈಲ್ಸನ್ನು ಹೊಗಳಿದೆ. ಕೊನೆಗೆ ಮೆಲ್ಲಗೆ, "ಅತ್ತೆ, ಇವರು ಆಯೇರಿ ಮಾಡಿದ್ದ ಸೀರೆ ಹಿಡಿಸ್ತಾ?" ಎಂದೆ.

"ಹಸಿರುದಾ? ಭಾಳ ಚಲೋ ಐತೆ ಬಿಡವ್ವ. ನಾನ್ಯಾಕೆ ಉಡ್ಲಿ ಈ ವಯಸ್ಸಿನಾಗೆ? ನಮ್ಮ ಶಾಂತಾ ಹಬ್ಬಕ್ಕೆ ಬಂದಿದ್ಲಲ್ಲ, ಹಡಗಲಿಗೆ ಹೋಗಾಗ ಅವಳಿಗೆ ಉಡಿ ತುಂಬಿದೆ" ಎಂದರು. ನಾನು ಹೊರಡಲು ಎದ್ದೆ. ಅಷ್ಟು ಬೇಗ ಬಿಡುವರೇ? ಮಣೆ ಹಾಕಿ ಕೂರಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಅದರ ಮೇಲೊಂದು ಸೀರೆಯ ಕವರು ಇಟ್ಟು ನನಗೂ ಉಡಿ ತುಂಬಿದರು. ಬೇಡ ಅನ್ನುವ ಹಾಗಿಲ್ಲ, ತುಂಬಿದ ಉಡಿಯನ್ನು ಒಲ್ಲೆ ಎನ್ನುವವಳು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಕವರಿನೊಳಗಿದ್ದದ್ದು ನೇರಳೆ ಬಣ್ಣದ ಸೀರೆ. ಅದೇ ಸೀರೆ ಇದ್ದರೂ ಇರಬಹುದು ಎಂದುಕೊಂಡು ಚೀಲಕ್ಕೆ ತುರುಕಿದೆ.

ಹಡಗಲಿಯಲ್ಲಿ ಇಳಿದಾಗ ಮಲ್ಲಿಗೆ ಕಟ್ಟುವ ಹೆಂಗಸರು ಬಸ್‌ಸ್ಟ್ಯಾಂಡಿನ ತುಂಬ. ಬೇರೆ ದಿನವಾಗಿದ್ದರೆ ಫೋಟೋ ತೆಗೆದು 'ಖರ್ಚಿಲ್ಲದ ಸಿಂಗಾರ' ಎಂದು ಬರೆಯುತ್ತಿದ್ದೆ. ನಾಗಮ್ಮತ್ತೆಯ ಮಗಳು ಶಾಂತಕ್ಕ ಮನೆಯಲ್ಲೇ ಇದ್ದಳು. ಇಲ್ಲಿ ಊಟವಾಗದೆ ಮಾತಿಲ್ಲ. ಎರಡು ರೊಟ್ಟಿ, ಬದನೆಕಾಯಿ, ಶೇಂಗಾ ಹಿಂಡಿ, ಮೇಲೆ ಮೊಸರು. ಕೈ ತೊಳೆದು ಕೇಳಿದರೆ, "ಅದಾ? ನಮ್ಮ ವಾರಗಿತ್ತಿ ಗಿರಿಜಾ ಹಗರಿಬೊಮ್ಮನಹಳ್ಳಿಯಾಗ ಬ್ಯೂಟಿಪಾರ್ಲರ್ ತೆಗದಾಳಲ್ಲ, ಅದರ ಪೂಜಿಗೆ ಹೋದಾಗ ಅಕಿಗೆ ಕೊಟ್ಟೆ. ಯಾಕ, ಸೀರ್ಯಾಗ ಏನರ ಇತ್ತನು?" ಎಂದಳು. ಏನಿಲ್ಲ ಎಂದೆ. ಅವಳೂ ಮಣೆ ಹಾಕಿದಳು. ಈ ಸಲ ಗುಲಾಬಿ ಸೀರೆ, ಜೊತೆಗೆ ಮಾರುದ್ದ ಮಲ್ಲಿಗೆ. ನನ್ನ ಚೀಲದ ಜಿಪ್ಪು ಅಲ್ಲಿಯೇ ಕಿತ್ತುಹೋಯಿತು. ಶಾಂತಕ್ಕ ಅಟ್ಟದಿಂದ ಒಂದು ಜವಳಿ ಅಂಗಡಿಯ ಕೈಚೀಲ ಇಳಿಸಿ ಕೊಟ್ಟಳು. 'ಒಂದೇ ಚೀಲ'ದ ಲೇಖಕಿ ಎರಡು ಚೀಲದವಳಾಗಿ ಬಸ್ಸು ಹತ್ತಿದಳು.

ಹಗರಿಬೊಮ್ಮನಹಳ್ಳಿಯ ಗಿರಿಜಾ ಪಾರ್ಲರಿನಲ್ಲಿ ಯಾರದೋ ಹುಬ್ಬು ಕೀಳುತ್ತಲೇ ಉತ್ತರ ಕೊಟ್ಟಳು. "ಹೌದ್ರಿ, ಬಂದಿತ್ತು. ಮೊನ್ನೆ ನಮ್ಮ ದೊಡ್ಡಕ್ಕನ ಮನ್ಯಾಗ ಸತ್ಯನಾರಾಯಣ ಪೂಜಾ ಇತ್ತು, ಅಲ್ಲಿಗೆ ಆಯೇರಿ ಒಯ್ದೆ. ಕೂಡ್ಲಿಗ್ಯಾಗ ಅದಾಳಲ್ರಿ ಪಾರ್ವತಕ್ಕ? ನಿಮ್ಮ ಸುಮಾನ ಅತ್ತಿ!" ನನಗೆ ಕಣ್ಣು ಕತ್ತಲೆ ಬಂತು. ಗಿರಿಜಾ ಅದನ್ನು ಪ್ರಯಾಣದ ಆಯಾಸ ಎಂದು ತಿಳಿದು ಮುಖಕ್ಕೆ ಪುಕ್ಕಟೆಯಾಗಿ ಏನೋ ತಣ್ಣನೆಯದು ಬಳಿದಳು. ಅದು ಒಣಗುವಷ್ಟರಲ್ಲಿ ಅವಳೂ ಉಡಿ ತುಂಬಿದಳು. ಹಳದಿ ಸೀರೆ. ಮೂರನೆಯ ಚೀಲ ಅಕ್ಕಿಯದು, ಮೇಲೆ ಭತ್ತದ ತೆನೆಯ ಚಿತ್ರವಿತ್ತು.

ಕೂಡ್ಲಿಗಿ ತಲುಪಿದ್ದು ಗುರುವಾರ ಸಂಜೆ; ಸುಮಾ ಆಗಲೇ ತವರಿಗೆ ಹೋಗಿದ್ದಳು. ಪಾರ್ವತಮ್ಮನವರು ಒಳ್ಳೆಯವರೇ, ಆದರೆ ಬೀಗಿತ್ತಿ. ಬೀಗರ ಮನೆಯಲ್ಲಿ ಆಡಿದ ಮಾತು ಎಷ್ಟು ವರ್ಷವಾದರೂ ಹಳಸುವುದಿಲ್ಲ, ಬೇಕಾದಾಗ ಬಿಸಿ ಮಾಡಿ ಬಡಿಸುತ್ತಾರೆ. ಹೇಗೆ ಬಾಯಿ ತೆರೆಯಲಿ ಎಂದು ನಾನು ಚಹಾ ಆರಿಸುತ್ತ ಕೂತಿದ್ದಾಗ ಅವರೇ ಎದ್ದು ಒಳಗೆ ಹೋಗಿ ಒಂದು ಕವರು ತಂದು ನನ್ನ ತೊಡೆಯ ಮೇಲಿಟ್ಟರು. "ನೀನ ಹೇಳು, ಹೆಂಗೈತಿ? ನಾಳಿ ಕುಬುಸದಾಗ ನಿಮ್ಮವ್ವಗ ಆಯೇರಿ ಮಾಡಾಕಂತ ತಂದೀನಿ" ಎಂದರು.

ಗಿಳಿ ಹಸಿರು. ಕೆಂಪು ಸೆರಗು. ನಾಲ್ಕು ಊರು ಅಟ್ಟಿಸಿಕೊಂಡು ಬಂದ ಸೀರೆ ನನ್ನ ತೊಡೆಯ ಮೇಲಿತ್ತು, ಆದರೂ ನನ್ನದಾಗುವ ಹಾಗಿರಲಿಲ್ಲ. ಇದು ನಮ್ಮ ಅವ್ವನದೇ ಸೀರೆ ಎಂದರೆ, ಬೀಗಿತ್ತಿ ತಾನು ಕೊಳ್ಳದೆ, ಯಾರೋ ಕೊಟ್ಟ ಸೀರೆಯನ್ನೇ ತಂದಳು ಎಂದು ಮುಖದ ಮೇಲೆ ಹೇಳಿದಂತೆ. ನಾಳೆ ಬಾಣಂತನ ಮುಗಿಸಿ ಇದೇ ಮನೆಗೆ ಮರಳಬೇಕಾದವಳು ನನ್ನ ತಂಗಿ. ಸುಮ್ಮನಿದ್ದರೆ, ಅವ್ವನ ಸೀರೆಯನ್ನು ಅವ್ವನಿಗೇ ಎಲ್ಲರ ಎದುರು ಆಯೇರಿ ಮಾಡುತ್ತಾರೆ. ನಾನು ಕೊನೆಯ ಪ್ರಯತ್ನವೆಂದು, "ಚೆಂದ ಐತ್ರಿ. ಆದ್ರ ಅವ್ವಗ ಹಸಿರು ಅಷ್ಟು ಸೇರಂಗಿಲ್ಲ. ನನ್ನ ಹತ್ರ ನೇರಳೆ ಐತಿ, ಗುಲಾಬಿ ಐತಿ, ಹಳದಿ ಐತಿ. ಬದ್ಲಿ ಮಾಡ್ಕೋರಿ" ಎಂದು ಮೂರೂ ಚೀಲ ಎದುರಿಗಿಟ್ಟೆ. ಸೀರೆ ವ್ಯಾಪಾರಕ್ಕೆ ಬಂದವಳ ಹಾಗೆ ಕಾಣುತ್ತಿದ್ದೆ.

"ಏನ್ ಹೇಳ್ತಿ? ನಿನ್ನೆ ನಾನ ಫೋನ್ ಮಾಡಿ ಕೇಳೀನಿ, ಬೀಗಿತ್ತಿ, ನಿಮಗ ಯಾವ ಬಣ್ಣ ಮನಸ್ಸಿಗೆ ಬರ್ತೈತಿ ಅಂತ. ಹಸಿರು ಅಂದ್ರ ಜೀವ ಬಿಡ್ತೀನಿ ಅಂದ್ರು ನಿಮ್ಮವ್ವ" ಎಂದ ಪಾರ್ವತಮ್ಮ ಕವರನ್ನು ನನ್ನ ತೊಡೆಯಿಂದ ಎತ್ತಿಕೊಂಡರು. ಅಷ್ಟಕ್ಕೇ ನಿಲ್ಲಲಿಲ್ಲ, ನನಗೂ ಉಡಿ ತುಂಬಿದರು. ನೀಲಿ ಸೀರೆ. ಆ ರಾತ್ರಿ ಕೊಟ್ಟೂರಿನ ಬಸ್ಸಿನಲ್ಲಿ ಕಂಡಕ್ಟರು ನನ್ನ ಗಂಟುಗಳನ್ನು ನೋಡಿ, "ಅಕ್ಕಾರ, ನೀವು ಪುಕ್ಕಟೆ ಸರಿ, ಈ ಲಗೇಜಿಗೆ ಟಿಕೆಟ್ ಮಾಡಿಸಬೇಕ್ರಿ" ಎಂದ. ಟಿಕೆಟಿನ ದುಡ್ಡು ಕೊಟ್ಟೆ.

ಅವ್ವ ಬಾಗಿಲಲ್ಲಿ ಕೇಳಿದ ಮೊದಲ ಮಾತು, "ಸೀರಿ?" ನಾನು ಇಸ್ತ್ರಿಗೆ ಹಾಕಿದ್ದೆ, ಬರುವಾಗ ಅಂಗಡಿ ಮುಚ್ಚಿತ್ತು ಎಂದೆ. ಅವ್ವ ನನ್ನ ನಾಲ್ಕು ಸೀರೆಗಳ ಗಂಟನ್ನೂ ನನ್ನ ಮುಖವನ್ನೂ ಒಮ್ಮೆ ನೋಡಿ ಒಳಗೆ ಹೋದಳು. ಶುಕ್ರವಾರ ಬೆಳಿಗ್ಗೆ ಅವಳು ಉಟ್ಟದ್ದು ಯಾರೋ ಯಾವಾಗಲೋ ಉಡಿಸಿದ್ದ ಒಂದು ಬೂದು ಸೀರೆ. ಅದನ್ನು ನೋಡಿದಾಗ ನಾನು ಎಲ್ಲಿಗಾದರೂ ಓಡಿಹೋಗಬೇಕು ಅನ್ನಿಸಿತು, ನಿಜ ಹೇಳುತ್ತೇನೆ. ಆದರೆ ಹೆಂಗಸರೆಲ್ಲ ಸೇರಿ ಸುಮಾಳಿಗೆ ಹಸಿರು ಬಳೆ ತೊಡಿಸುತ್ತಿದ್ದರು, ನನ್ನ ಕೈಯಲ್ಲಿ ಆರತಿಯ ತಟ್ಟೆಯಿತ್ತು.

ಆಯೇರಿಯ ಹೊತ್ತು ಬಂತು. ಪಾರ್ವತಮ್ಮ ಕುಂಕುಮ ಹಚ್ಚಿ ಕವರನ್ನು ಅವ್ವನ ಕೈಗಿಟ್ಟರು. ನಮ್ಮ ಬಳಗದ ಪದ್ಧತಿಯಂತೆ ಅವ್ವ ಅದನ್ನು ಬಿಚ್ಚದೆ ಪಕ್ಕಕ್ಕಿಡಬೇಕು, ಟ್ರಂಕಿಗೆ ಸೇರಿಸಬೇಕು. ಹಾಗೇ ಆಗಲಿ ದೇವರೇ ಎಂದುಕೊಂಡೆ. ಅವ್ವ ಎಲ್ಲರ ಎದುರೂ ಕವರು ಬಿಚ್ಚಿದಳು. ಸೆರಗಿನ ಮಡಿಕೆಯೊಳಗೆ ಹೆಬ್ಬೆರಳು ಹಾಕಿದಳು. ಅಲ್ಲಿ ಅವಳೇ ಕಟ್ಟಿದ ಗೊಂಡೆಗಳಿದ್ದವು. ಬೆರಳು ಅಲ್ಲೇ ಒಂದು ಕ್ಷಣ ನಿಂತಿತು. ನಾನು ಆರತಿ ತಟ್ಟೆಯ ದೀಪವನ್ನೇ ನೋಡುತ್ತ ನಿಂತೆ.

"ಎಂಥಾ ಸೀರಿ ತಂದೀರಿ ಬೀಗಿತ್ತಿ!" ಎಂದಳು ಅವ್ವ, ಮುಖ ಅರಳಿಸಿಕೊಂಡು. "ನನ್ನ ಹತ್ರ ಥೇಟ್ ಇಂಥಾದ್ದ ಒಂದು ಐತಿ. ನಮ್ಮ ದೊಡ್ಡಾಕಿ ಒಯ್ದಾಳ. ಇನ್ನ ಜೋಡಿ ಆತು ನೋಡ್ರಿ." ಪಾರ್ವತಮ್ಮ ಹಿಗ್ಗಿಹೋದರು. ಅವ್ವ ನನ್ನ ಕಡೆ ತಿರುಗಿ, "ನೀನು ಊರಿಗೆ ಹೋಗೋದರಾಗ ಅದನ್ನ ತರಿಸಿಕೊಡವ್ವ. ಎರಡೂ ಜೋಡಿಸಿ ಇಡ್ತೀನಿ" ಎಂದಳು. ಅವಳಿಗೆ ಗೊತ್ತಾಗಿದೆಯೋ ಇಲ್ಲವೋ ತಿಳಿಯಲೆಂದು ಅವಳ ಮುಖವನ್ನು ಹುಡುಕಿದೆ. ಸುಮಾಳಿಗೆ ಸಜ್ಜಕ ತಿನ್ನಿಸುತ್ತಿದ್ದಳು.

ಕಳೆದುಹೋದ ಸೀರೆ ಅವ್ವನ ಕೈ ಸೇರಿದೆ, ನಾನು ಮಾತ್ರ ಇನ್ನೂ ಸೀರೆ ಕಳೆದವಳಾಗಿಯೇ ಇದ್ದೇನೆ. ಇಂಥ ಪಾಡು ಯಾರಿಗಾದರೂ ಬಂದಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇಲ್ಲದ ಸೀರೆಯನ್ನು ಎಲ್ಲಿಂದ ತರಲಿ? ದಾರಿ ಒಂದೇ ಇತ್ತು. ಯುಗಾದಿಯ ಪ್ರತಿಜ್ಞೆಯನ್ನು ಪಕ್ಕಕ್ಕಿಟ್ಟು ಶನಿವಾರ ಬೆಳಿಗ್ಗೆ, ತಲೆಯ ಮೇಲೆ ದುಪ್ಪಟ್ಟಾ ಎಳೆದುಕೊಂಡು, ಕೊಟ್ಟೂರಿನ ಶಿವಣ್ಣನ ಅಂಗಡಿಯ ಮೆಟ್ಟಿಲು ಹತ್ತಿದೆ. ಶಿವಣ್ಣನಿಗೆ ಈಗ ತಲೆಯೆಲ್ಲ ಬೆಳ್ಳಗಾಗಿದೆ. ಗಿಳಿ ಹಸಿರಿನ, ಕೆಂಪು ಸೆರಗಿನ ಇಳಕಲ್ ಇದೆಯೇ ಎಂದು ಕೇಳಿದೆ. ಅವನು ಗಾದಿಯ ಮೇಲೆ ಜಾಗ ಮಾಡಿಕೊಟ್ಟು ನಕ್ಕ.

"ಕುಂದ್ರವ್ವ. ನಿಮ್ಮವ್ವ ಬೆಳಿಗ್ಗಿ ಅಂಗಡಿ ತೆಗಿಯೋದರಾಗ ಬಂದು ಹೇಳಿ ಹೋಗ್ಯಾಳ. ನನ್ನ ಮಗಳು ಬರ್ತಾಳ, ಹಸಿರು ಸೀರಿ ಕೇಳ್ತಾಳ. ಇದ್ರೂ ಇಲ್ಲ ಅನ್ನು. ಅಂಗಡ್ಯಾಗಿನ ಗಂಟೆಲ್ಲ ಬಿಚ್ಚಿ ಒಂದೊಂದ ತೋರಿಸು, ಸಂಜೀತನಕ ಏಳಾಕ ಬಿಡಬ್ಯಾಡ. ಅಕಿ ಒಂದು ಸೀರಿ ತಾನ ಆರಿಸಲಿ, ಆರಿಸೋದಂದ್ರ ಏನಂತ ತಿಳೀಲಿ ಅಂದ್ಲು" ಎಂದ. ಮತ್ತೆ ನಿಧಾನಕ್ಕೆ ಮೊದಲ ಗಂಟು ಬಿಚ್ಚಿದ.

ನಾನು ಕೂತೆ. ಕೆಂಪು, ಕಂದು, ಮಾವಿನ ಹಣ್ಣಿನ ಬಣ್ಣ, ಚಿಕ್ಕ ಅಂಚು, ದೊಡ್ಡ ಅಂಚು, ಒಂದರ ಮೇಲೊಂದು ನನ್ನ ಮುಂದೆ ಬಿದ್ದವು. ಚೆನ್ನಾಗಿಲ್ಲದ್ದು ಒಂದೂ ಇರಲಿಲ್ಲ, ನನ್ನದು ಎನ್ನಿಸಿದ್ದೂ ಒಂದಿರಲಿಲ್ಲ. ಯಾವ ಬಣ್ಣ ಯಾರಿಗೆ ಒಪ್ಪುತ್ತದೆ ಎಂದು ಊರಿಗೆಲ್ಲ ಹೇಳಿದ ನನ್ನನ್ನು, ನಿನಗೇನು ಬೇಕು ಎಂದು ಯಾರೂ ಈವರೆಗೆ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ನಡುವೆ ಫೋನು ಸದ್ದು ಮಾಡಿತು. ಬ್ಲಾಗಿಗೆ ಹೊಸ ಓದುಗರೊಬ್ಬರು ಬಂದಿದ್ದರು. 'ಅಕ್ಕಾ, ಅಂಗಡಿಗೆ ಹೋದಾಗ ಮನಸ್ಸನ್ನು ಹೇಗೆ ಹಿಡಿತದಲ್ಲಿಟ್ಟುಕೊಳ್ಳುತ್ತೀರಿ?' ಎಂದು ಕೇಳಿದ್ದರು. ಶಿವಣ್ಣ ಊಟಕ್ಕೂ ಏಳಲಿಲ್ಲ, ನನ್ನನ್ನೂ ಏಳಗೊಡಲಿಲ್ಲ. ಹೊರಗೆ ದೀಪ ಹತ್ತಿದಾಗ ಅಂಗಡಿಯಲ್ಲಿ ಬಿಚ್ಚದ ಗಂಟು ಉಳಿದಿರಲಿಲ್ಲ, ಸೀರೆಗಳ ರಾಶಿಯ ನಡುವೆ ನಾನು ಬರಿಗೈಯಲ್ಲಿ ಕೂತಿದ್ದೆ. ನಾಳೆ ಅಂಗಡಿ ಎಷ್ಟು ಹೊತ್ತಿಗೆ ತೆಗೆಯುತ್ತೀರಿ ಎಂದು ಕೇಳಿಕೊಂಡು ಎದ್ದೆ.